ನರಸಕ್ಕನ ವ್ಯಾನಿನ ನಡುಕ

ಹೂಂ ಅನ್ನೋರು ಹತ್ತಿರ ಬನ್ನಿ, ಉಹೂಂ ಅನ್ನೋರು ಆಚೆ ಕೂತ್ಕೊಳ್ಳಿ. ನಾನು ಹೇಳೋದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೂ ಅದು ನನ್ನದಲ್ಲ, ನನಗೆ ಹೇಳಿದವನದು.

ಹಿರಿಯೂರು ದಾಟಿ ಹೊಳೆಯ ಆಚೆ ಒಂದು ಊರು. ಆ ಊರಲ್ಲಿ ಬಳೆ ನರಸಕ್ಕ. ಮೂವತ್ತು ವರ್ಷ ಬಳೆ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹನ್ನೆರಡು ಹಳ್ಳಿ ಸುತ್ತಿದವಳು. ಅವಳ ಕೈಯಿಂದ ಬಳೆ ತೊಡಿಸಿಕೊಳ್ಳದ ಮದುಮಗಳು ಆ ಸೀಮೆಯಲ್ಲೇ ಇರಲಿಲ್ಲ. ಅವಳಿಗೊಬ್ಬನೇ ಮಗ, ರಂಗಧಾಮ. ವಯಸ್ಸು ಇಪ್ಪತ್ತಾರು. ಎತ್ತರ ಆರಡಿ. ಬುದ್ಧಿ ಎಷ್ಟು ಅಂತ ಯಾರೂ ಅಳತೆ ತೆಗೆದಿರಲಿಲ್ಲ.

"ಲೋ ಧಾಮ, ಹಾಲು ಉಕ್ಕಿದರೆ ಕೂಗು" ಅಂತ ನರಸಕ್ಕ ಹಿತ್ತಿಲಿಗೆ ಹೋದಳು ಅನ್ನಿ. ಹಾಲು ಏರಿತು, ಉಕ್ಕಿತು, ಹರಿಯಿತು, ಒಲೆ ಆರಿತು. ಆಗ ಕೂಗಿದ: "ಅವ್ವಾ, ಉಕ್ತು!"

"ಅಯ್ಯೋ ನನ್ನ ಹಣೆಬರಹವೇ! ಏರುವಾಗಲೇ ಕೂಗಬಾರದಾ?"

"ಏರಿದರೆ ಕೂಗು ಅಂತ ನೀನು ಹೇಳಲಿಲ್ಲವಲ್ಲ!"

ಹಿಂಗೆ. ದಿನಾ ಹಿಂಗೆ. ನರಸಕ್ಕ ಹಣೆ ಚಚ್ಚಿಕೊಂಡು ಚಚ್ಚಿಕೊಂಡು, ಕುಂಕುಮ ಇಡೋ ಜಾಗದಲ್ಲಿ ಒಂದು ಸಣ್ಣ ಹಳ್ಳವೇ ಬಿದ್ದಿತ್ತು.

ಆದರೆ ಅವನಿಗೆ ಒಂದು ವಿದ್ಯೆ ಬಂತು ನೋಡಿ, ಡ್ರೈವಿಂಗು. ಒತ್ತು ಅಂದರೆ ಒತ್ತೋನು, ಬಿಡು ಅಂದರೆ ಬಿಡೋನು, ತಿರುಗಿಸು ಅಂದರೆ ತಿರುಗಿಸೋನು. ಹೇಳಿದಷ್ಟೇ ಮಾಡೋನಿಗೆ ಅದಕ್ಕಿಂತ ಸಲೀಸಾದ ವಿದ್ಯೆ ಇನ್ನೇನಿದೆ? ಆ ಸೀಮೆಯಲ್ಲಿ ಕೆಂಪು ದೀಪಕ್ಕೆ ನಿಲ್ಲೋನು ಇವನೊಬ್ಬನೇ. ಒಂದು ಸಲ ದೀಪ ಕೆಟ್ಟು ಕೆಂಪಲ್ಲೇ ನಿಂತಾಗ ಮಧ್ಯಾಹ್ನದಿಂದ ಸಂಜೆವರೆಗೂ ನಿಂತಿದ್ದನಂತೆ. ಅಂಥ ಡ್ರೈವರ್ ಸಿಗ್ತಾನಾ ಹೇಳಿ!

ನರಸಕ್ಕನ ಮಂಡಿ ಕೈಕೊಟ್ಟಿತು. ಮಲಾರ ಹೊತ್ತು ನಡೆಯೋಕಾಗಲ್ಲ. ಕೂಡಿಟ್ಟದ್ದನ್ನೆಲ್ಲ ಸುರಿದು, ಹಳೇ ವ್ಯಾನು ಮಾರೋ ಓಂಕಾರಪ್ಪನ ಹತ್ತಿರ ಒಂದು ವ್ಯಾನು ತಗೊಂಡಳು. ಅವನ ಅಂಗಳದಲ್ಲಿ ಇದ್ದದ್ದೆಲ್ಲ ಒಂದೇ ಜಾತಿ, ಒಂದೇ ಬಿಳಿ ಬಣ್ಣ, ಕೋಳಿ ಫಾರಂನಲ್ಲಿ ಕೋಳಿ ಕೂತ ಹಾಗೆ.

ಓಂಕಾರಪ್ಪ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಹೇಳಿದ: "ನೋಡಿ ನರಸಮ್ಮ, ನಾನು ಮೋಸದೋನಲ್ಲ. ಎಂಟು ದಿನ ಓಡಿಸಿ. ಕೆಟ್ಟದ್ದು ಏನಾದ್ರೂ ಇದ್ರೆ, ಇಂಥದ್ದೇ ಕೆಟ್ಟಿದೆ ಅಂತ ತಂದು ತೋರಿಸಿ, ಬದಲಾಯಿಸಿಕೊಡ್ತೀನಿ. ಸುಮ್ನೆ ಸರಿ ಇಲ್ಲ, ಸರಿ ಇಲ್ಲ ಅಂದ್ರೆ ನಾನು ಕಿವುಡ."

ಬಳೆ ಪೆಟ್ಟಿಗೆ ತುಂಬಿಕೊಂಡು ತಾಯಿ ಮಗ ಹೊರಟರು. ನಿಂತಾಗ ಏನಿಲ್ಲ. ಮೆಲ್ಲಗೆ ಹೋದರೆ ಏನಿಲ್ಲ. ನಲವತ್ತು ದಾಟಿತೋ, ಗಡಗಡ ಗಡಗಡ! ಬಾಗಿಲು ಗಡಗಡ, ಸೀಟು ಗಡಗಡ, ನರಸಕ್ಕನ ಹಲ್ಲು ಗಡಗಡ.

ಬಳೆಗಾರರ ಬಾಯಲ್ಲಿ ಬಳೆ 'ಒಡೆಯೋದಿಲ್ಲ', ಅದು ಅಪಶಕುನದ ಮಾತು. 'ಹೆಚ್ಚಿತು' ಅಂತಾರೆ. ಅವತ್ತು ಹಸಿರು ಬಳೆ ಹೆಚ್ಚಿದವು, ಕೆಂಪು ಬಳೆ ಹೆಚ್ಚಿದವು, ಚುಕ್ಕಿ ಬಳೆ ಹೆಚ್ಚಿದವು. ಹೆಚ್ಚಿ ಹೆಚ್ಚಿ ಮನೆಗೆ ಬರೋ ಹೊತ್ತಿಗೆ ಪೆಟ್ಟಿಗೆಯಲ್ಲಿ ಒಂದೂ ಉಳಿಯಲಿಲ್ಲ.

ನರಸಕ್ಕ ಜಗಲಿ ಮೇಲೆ ಕುಸಿದಳು. "ಲೋ ಧಾಮ, ಕೇಳೋ. ಈ ನಡುಕ ಎಲ್ಲಿದೆ ಅಂತ ಎಂಟು ದಿನದೊಳಗೆ ಸಿಗಬೇಕು. ಸಿಗಲಿಲ್ಲ ಅಂದ್ರೆ ಮತ್ತೆ ಮಲಾರ ಹೊರಬೇಕು. ಈ ಮಂಡಿಯಲ್ಲಿ ಆಗೋ ಮಾತಲ್ಲ. ನನ್ನ ಕಸುಬು ಇಲ್ಲಿಗೆ ಮುಗೀತು."

"ಹುಡುಕ್ತೀನಿ ಅವ್ವ!" ಅಂದ ರಂಗಧಾಮ. ಅಂದಮೇಲೆ ಮುಗೀತು. ಅವನು ಮಾತಿಗೆ ತಪ್ಪೋನಲ್ಲ.

ಮೆಕ್ಯಾನಿಕ್ ಚಿತ್ತಯ್ಯನ ಹತ್ತಿರ ಹೋದ. ಚಿತ್ತಯ್ಯ ಯಾವುದೋ ಲಾರಿಯ ಅಡಿಯಲ್ಲಿ ಮಲಗಿದ್ದ, ಕಾಲು ಮಾತ್ರ ಹೊರಗೆ. ಕಾಲಿಗೇ ಎಲ್ಲ ಹೇಳಿದ. ಅಡಿಯಿಂದ ಉತ್ತರ ಬಂತು: "ಓಡಿಸ್ಕೊಂಡು ಹೋಗು. ಒಂದೊಂದಕ್ಕೂ ಕೈಯಿಟ್ಟು ನೋಡು. ಎಲ್ಲಕ್ಕಿಂತ ಜಾಸ್ತಿ ಯಾವುದು ನಡುಗುತ್ತೋ ಅದನ್ನ ಬಿಚ್ಚಿ ಇಲ್ಲಿಗೆ ತಗೊಂಡು ಬಾ."

ಅವ್ವನ್ನ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ. ಗಡಗಡ! ಬಾಗಿಲಿಗೆ ಕೈಯಿಟ್ಟ, ನಡುಗ್ತಾ ಇದೆ. ಗೇರಿಗೆ ಕೈಯಿಟ್ಟ, ನಡುಗ್ತಾ ಇದೆ. ಸೀಟಿಗೆ ಇಟ್ಟ, ನಡುಗ್ತಾ ಇದೆ. ಅವ್ವನ ಕೆನ್ನೆಗೆ ಇಟ್ಟ. ಅಬ್ಬಬ್ಬಾ! ಅದರಷ್ಟು ನಡುಗೋದು ಇಡೀ ಗಾಡಿಯಲ್ಲಿ ಇನ್ನೊಂದಿಲ್ಲ!

ಗಾಡಿ ನಿಲ್ಲಿಸಿದ. ಅವ್ವನ್ನ ಎತ್ತಿ ಹೆಗಲಿಗೆ ಹಾಕಿಕೊಂಡ. ಅವಳು ಬೆನ್ನಿಗೆ ಗುದ್ದಿದಳು, ಕೂದಲು ಜಗ್ಗಿದಳು. ಎರಡು ಮೈಲಿ ನಡೆದು ತಂದು ಚಿತ್ತಯ್ಯನ ಮುಂದೆ ಇಳಿಸಿದ.

"ತಗೋ ಚಿತ್ತಣ್ಣ. ಇದೇ ಜಾಸ್ತಿ ನಡುಗ್ತಾ ಇತ್ತು."

ಚಿತ್ತಯ್ಯ ಲಾರಿಯ ಅಡಿಯಿಂದ ಪೂರ್ತಿ ಹೊರಗೆ ಬಂದ. ಅವನು ಪೂರ್ತಿ ಹೊರಗೆ ಬಂದದ್ದನ್ನ ಊರು ನೋಡಿದ್ದು ಅವತ್ತೇ. "ಲೋ ಮಂಕೆ! ನಡುಗೋದನ್ನೆಲ್ಲ ಹೊತ್ಕೊಂಡು ಬರ್ತಾರೇನೋ? ನಡುಗೋದು ಕಂಡ್ರೆ ಅಲ್ಲೇ ಬಿಗಿ ಮಾಡಬೇಕು! ಅಲ್ಲಾಡದ ಹಾಗೆ ಬಿಗಿ ಮಾಡಬೇಕು!"

"ಆಗಲಿ ಚಿತ್ತಣ್ಣ. ಇನ್ಮೇಲೆ ಬಿಗೀನೇ ಮಾಡ್ತೀನಿ."

ಮಾರನೇ ದಿನ ಒಬ್ಬನೇ ಹೊರಟ. ದಾರಿಯಲ್ಲಿ ಹನುಮಂತಜ್ಜ ಕೈ ಅಡ್ಡ ಹಾಕಿದ. ಪಕ್ಕದ ಹಳ್ಳಿಯ ಹಿರೀಕ, ಎಂಬತ್ತು ದಾಟಿದ ಜೀವ. ವಯಸ್ಸಿಗೆ ಕೈ, ತಲೆ ಎರಡೂ ಅಲ್ಲಾಡ್ತವೆ. "ಮಗಾ, ನಮ್ಮೂರ ತನಕ ಬಿಡಪ್ಪ" ಅಂದ.

ರಂಗಧಾಮ ನೋಡಿದ. ಕೈ ನಡುಗ್ತಾ ಇದೆ. ತಲೆ ನಡುಗ್ತಾ ಇದೆ. ನಡುಗೋದು ಕಂಡ್ರೆ ಏನು ಮಾಡಬೇಕು? ಬಿಗಿ ಮಾಡಬೇಕು!

ಬಳೆ ಪೆಟ್ಟಿಗೆ ಕಟ್ಟೋ ಹಗ್ಗ ತೆಗೆದ. ಅಜ್ಜನ್ನ ಸೀಟಿಗೆ ಕೂರಿಸಿ ಎದೆಗೊಂದು ಸುತ್ತು, ಕೈಗೆ ಎರಡು ಸುತ್ತು, ಕಾಲಿಗೆ ಮೂರು ಸುತ್ತು. ತಲೆ ಇನ್ನೂ ಅಲ್ಲಾಡ್ತಾ ಇತ್ತು. ಅದಕ್ಕೆ ತನ್ನ ಟವೆಲ್ ಬಿಗಿದ.

"ಇದೇನೋ ಮಗಾ?"

"ಬಿಗಿ ಅಜ್ಜ. ಚಿತ್ತಣ್ಣ ಹೇಳಿದ್ದು."

ಅಜ್ಜನ ಮನೆ ಮುಂದೆ ಗಾಡಿ ನಿಂತಾಗ ಸೊಸೆ ಹೊರಗೆ ಬಂದು ನೋಡಿದಳು. "ಅಯ್ಯಯ್ಯೋ! ನಮ್ಮ ಮಾವನ್ನ ಯಾರೋ ಕಟ್ಟಿ ಹಾಕವ್ರೆ!" ಬೀದಿಗೆ ಬೀದಿಯೇ ಬಂತು. ಒನಕೆ ಬಂತು, ಪೊರಕೆ ಬಂತು. ಪೆಟ್ಟು ಬೀಳೋದಿತ್ತು, ಅಷ್ಟರಲ್ಲಿ ಟವೆಲಿನ ಒಳಗಿಂದ ಹನುಮಂತಜ್ಜ ಗದರಿದ: "ಯಾವನ್ಲಾ ಅವನು ಬಿಚ್ಚೋನು? ದೂರ ನಿಲ್ರೋ! ಹತ್ತು ವರ್ಷ ಆಗಿತ್ತು ನನ್ನ ಕೈ ಒಂದು ಗಳಿಗೆ ಸುಮ್ನೆ ಕೂತು. ಇನ್ನೊಂದು ಸುತ್ತು ಓಡಿಸ್ಲಾ ಮಗಾ!"

ಇನ್ನೊಂದು ಸುತ್ತು ಓಡಿಸಿದ. ನೀವಾಗಿದ್ದರೆ ಓಡಿಸ್ತಿದ್ರಾ? ಒನಕೆ ನೋಡಿಯೇ ಓಡಿ ಹೋಗ್ತಿದ್ರಿ.

ಆದರೆ ನರಸಕ್ಕನ ಕಿವಿಗೆ ಬಿತ್ತಲ್ಲ! ಮನೆಗೆ ಬರೋದೇ ತಡ, ಶುರುಮಾಡಿದಳು. "ಹಿರೀಕರನ್ನ ಹಗ್ಗ ಹಾಕಿ ಕಟ್ತೀಯೇನೋ? ನಿನಗೆ ಅನ್ನ ಹಾಕಿದ್ದಕ್ಕೆ ನನ್ನನ್ನ ಕಟ್ಟಬೇಕು! ಕಟ್ಟೋದಲ್ಲ ಕಣೋ, ಇಳಿಸೋದು! ಗಾಡಿಯಿಂದ ಒಂದೊಂದಾಗಿ ಇಳಿಸು, ಓಡಿಸಿ ನೋಡು. ಮತ್ತೆ ಇಳಿಸು, ಮತ್ತೆ ಓಡಿಸಿ ನೋಡು. ಯಾವುದು ಇಳಿದಾಗ ನಡುಕ ನಿಲ್ಲುತ್ತೋ ಅದೇ ಕೆಟ್ಟಿರೋದು. ತಿಳೀತಾ?"

"ತಿಳೀತು ಅವ್ವ. ಒಂದೊಂದಾಗಿ ಇಳಿಸ್ತೀನಿ."

ಏಳನೇ ದಿನ. ಇಬ್ಬರೂ ಹೊರಟರು. ಚಾಪೆ ಇಳಿಸಿ ರಸ್ತೆ ಪಕ್ಕ ಇಟ್ಟ. ಓಡಿಸಿದ. ಗಡಗಡ. ಸ್ಟೆಪ್ನಿ ಇಳಿಸಿದ. ಓಡಿಸಿದ. ಗಡಗಡ. ಹಿಂದಿನ ಸೀಟು ಬಿಚ್ಚಿ ಇಳಿಸಿದ. ಗಡಗಡ. ಖಾಲಿ ಬಳೆ ಪೆಟ್ಟಿಗೆ ಇಳಿಸಿದ. ಗಡಗಡ. ದೇವರ ಫೋಟೊ ಕೈಮುಗಿದು ಇಳಿಸಿದ. ಗಡಗಡ.

"ಅವ್ವ, ನೀನು ಇಳಿ."

"ಏನೋ ಅಂದೆ?"

"ನೀನೇ ಹೇಳಿದ್ದಲ್ಲ, ಒಂದೊಂದಾಗಿ ಅಂತ."

ನರಸಕ್ಕ ಒಂದು ಮೈಲಿಗಲ್ಲಿನ ಪಕ್ಕ ಇಳಿದಳು. ಓಡಿಸಿದ. ಗಡಗಡ!

ಈಗ ಗಾಡಿಯಲ್ಲಿ ಉಳಿದದ್ದು ಯಾರು? ರಂಗಧಾಮ. ನಿಲ್ಲಿಸಿದ. ಇಳಿದ. ಬಾಗಿಲು ಹಾಕಿ ಗಾಡಿ ಮೇಲೆ ಕೈಯಿಟ್ಟ. ನಡುಕ ಇಲ್ಲ! ಕಿವಿಯಿಟ್ಟ. ಇಲ್ಲವೇ ಇಲ್ಲ! ಕಲ್ಲು ನಿಂತ ಹಾಗೆ ನಿಂತಿದೆ ಗಾಡಿ.

"ಅಯ್ಯೋ ಶಿವನೇ! ನಾನೇ!"

ಓಂಕಾರಪ್ಪನ ಅಂಗಳ ಅಲ್ಲೇ ಹತ್ತಿರ. ಓಡಿದ, ಏದುಸಿರು ಬಿಡ್ತಾ ಅವನ ಮುಂದೆ ನಿಂತ.

"ಓಂಕಾರಣ್ಣ, ಕೆಟ್ಟದ್ದು ಸಿಕ್ತು!"

"ಯಾವುದಪ್ಪ ಅದು?"

"ನಾನು."

"ಏನು?"

"ನಾನು ಇಳಿದ ಕೂಡಲೇ ನಡುಕ ನಿಂತ್ಹೋಯ್ತು. ಇಂಥದ್ದೇ ಅಂತ ತಂದು ತೋರಿಸಿದರೆ ಬದಲಾಯಿಸಿಕೊಡ್ತೀನಿ ಅಂದಿದ್ರಿ. ತಂದಿದ್ದೀನಿ. ಬದಲಾಯಿಸಿಕೊಡಿ."

ಓಂಕಾರಪ್ಪ ನಕ್ಕ. ಎಷ್ಟು ನಕ್ಕ ಅಂದರೆ ಎಲೆ ಅಡಿಕೆ ಬಿಳಿ ಅಂಗಿಗೆಲ್ಲ ಹಾರಿತು. "ನಿನ್ನಂಥ ಇನ್ನೊಂದು ಪೀಸು ನನ್ನ ಹತ್ರ ಸ್ಟಾಕ್ ಇಲ್ಲ ಕಣಯ್ಯ! ನಾಳೆ ಎಂಟನೇ ದಿನ. ಸಂಜೆ ಐದಕ್ಕೆ ಗೇಟು ಹಾಕ್ತೀನಿ. ಆಮೇಲೆ ನಿಮ್ಮವ್ವನ ಗಾಡಿ ನಿಮ್ಮವ್ವಂದು, ನಡುಕಾನೂ ನಿಮ್ಮವ್ವಂದೇ."

ಅವನು ನಗಲಿ ಬಿಡಿ. ನಾನು ಕೇಳ್ತೀನಿ, ಕೆಟ್ಟದ್ದು ನಾನೇ ಅಂತ ಬಂದು ನಿಂತ ಒಬ್ಬನನ್ನ ನೀವು ನಿಮ್ಮ ಜನ್ಮದಲ್ಲಿ ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಂದು ಲೋಟ ಬಿದ್ದರೆ ಏಳು ಜನ ನಾನಲ್ಲ ಅಂತೀವಿ. ಇರೋದು ಐದೇ ಜನ.

ಮೈಲಿಗಲ್ಲಿನ ಹತ್ತಿರ ನರಸಕ್ಕ ಬಿಸಿಲಲ್ಲಿ ಕಾಯ್ತಾ ಇದ್ದಳು. ವಿಷಯ ಕೇಳಿ ಅವಳಿಗೆ ಅಳು ಬಂತು. ಅಳ್ತಾ ಅಳ್ತಾ ಬೈದಳು, ಬೈತಾ ಬೈತಾ ಅತ್ತಳು. "ಲೋ, ನೀನು ಬಳೆಗಾರ್ತಿ ಮಗ ತಾನೇ? ಹುಟ್ಟಿದಾಗಿಂದ ಕಣ್ಮುಂದೆ ಬಳೆ ನೋಡಿದ್ದೀಯ ತಾನೇ? ಕೆಟ್ಟದ್ದು ಯಾವುದು, ಒಳ್ಳೇದು ಯಾವುದು ಅಂತ ಬಳೆ ನೋಡಿದ ಹಾಗೆ ನೋಡೋ! ಬಳೆ ನೋಡಿದ ಹಾಗೆ!"

"ಅದನ್ನ ಮೊದಲೇ ಹೇಳಬಾರದಾ ಅವ್ವ?"

ಎಂಟನೇ ದಿನ ಬೆಳಕು ಹರಿಯೋ ಹೊತ್ತಿಗೆ ರಂಗಧಾಮ ಅಂಗಳದಲ್ಲಿ ಇದ್ದ. ಗಾಡಿಯಲ್ಲಿ ಬಳೆ ಹಾಗೆ ದುಂಡಗೆ ಇರೋದು ಯಾವುದು? ಚಕ್ರ. ನಾಲ್ಕೂ ಬಿಚ್ಚಿದ. ನೀರು ಹಾಕಿ ತಿಕ್ಕಿ ತೊಳೆದ, ಧೂಳು ಕೂತ ಬಳೆ ಗಿರಾಕಿಗೆ ತೋರಿಸಬಾರದು. ಉಗುರಲ್ಲಿ ಟಣ್ ಅಂತ ತಟ್ಟಿ ಕಿವಿಗೊಟ್ಟ. ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದ. ಆರಡಿ ಆಳು ಚಕ್ರವನ್ನ ಎತ್ತಿ ಸೂರ್ಯನಿಗೆ ಹಿಡಿದು ನೋಡ್ತಾ ಇದ್ದರೆ, ಹಾದಿ ಹೋಗೋರೆಲ್ಲ ನಿಂತರು.

ಆಮೇಲೆ ಮುಖ್ಯವಾದ ಕೆಲಸ. ನರಸಕ್ಕ ಬಳೆ ಕೊಳ್ಳುವಾಗ ಒಂದೊಂದನ್ನೂ ತೆಳು ಕಡ್ಡಿಗೆ ಪೋಣಿಸಿ ಬೆರಳಲ್ಲಿ ಗಿರ್ರನೆ ತಿರುಗಿಸ್ತಾಳೆ. ದುಂಡಗಿದ್ದರೆ ಒಂದೇ ಸಮ ತಿರುಗುತ್ತೆ. ಸೊಟ್ಟ ಇದ್ದರೆ ಕುಣಿಯುತ್ತೆ. ರಂಗಧಾಮ ಮನೆಯ ಹಾರೆ ತಂದ. ಎರಡು ಕಲ್ಲು ಕಂಬದ ಮೇಲೆ ಇಟ್ಟ. ಚಕ್ರ ಪೋಣಿಸಿದ. ಬೆರಳಲ್ಲಿ ತಿರುಗಿಸಿದ.

ಒಂದನೇದು, ಗಿರ್ರ್, ಸಮ. ಎರಡನೇದು, ಗಿರ್ರ್, ಸಮ. ಮೂರನೇದು, ಸಮ. ನಾಲ್ಕನೇದು ತಿರುಗಿತು, ಕುಣಿಯಿತು, ಅತ್ತ ವಾಲಿತು, ಇತ್ತ ವಾಲಿತು, ಕಳ್ಳು ಕುಡಿದ ಹಾಗೆ.

"ಅವ್ವಾ! ಈ ಬಳೆ ಹೆಚ್ಚಿದೆ!"

ನರಸಕ್ಕ ಕುಂಟ್ತಾ ಬಂದಳು. ಬಂದವಳು ತಾನೂ ಒಂದು ಕಣ್ಣು ಮುಚ್ಚಿ ನೋಡಿದಳು. ಚಿತ್ತಯ್ಯನ್ನ ಕರೆಸಿದರು. ಅವನು ಚಕ್ರದ ಒಳಮೈ ಸವರಿದ. ಕಬ್ಬಿಣದ ರಿಮ್ಮು ಒಳಗಡೆ ಸೊಟ್ಟಗಾಗಿತ್ತು, ಅದರ ಮೇಲೆ ಯಾರೋ ನಾಜೂಕಾಗಿ ಬಣ್ಣ ಬಳಿದಿದ್ದರು. ಹೊರಗಿಂದ ಯಾರಪ್ಪನಿಗೂ ಕಾಣೋ ಹಾಗಿಲ್ಲ.

ಚಿತ್ತಯ್ಯ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. "ಅಕ್ಕ, ಇದನ್ನ ಹಿಡಿಯೋಕೆ ಪೇಟೆಯಲ್ಲಿ ಮಿಷಿನ್ ಇಟ್ಟವ್ರೆ. ನಿನ್ನ ಮಗ ಹಾರೆ ಕೋಲಲ್ಲಿ ಹಿಡಿದ."

ನರಸಕ್ಕ ಮಗನ ಮುಖ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಅವನ ಕೆನ್ನೆ ಸವರಿ ನೆಟಿಗೆ ತೆಗೆದಳು. "ಬಳೆ ನೋಡಿದ ಹಾಗೇ ನೋಡಿದೆ ಕಣೋ! ಇನ್ನು ಹೋಗಿ, ಬಳೆ ತೊಡಿಸಿದ ಹಾಗೇ ತೊಡಿಸು. ನಮ್ಮ ಕಟ್ಟುಪಾಡು ಗೊತ್ತಲ್ಲ, ಯಾರ ಕೈನೂ ಬರಿದಾಗಿ ಬಿಡಬಾರದು. ಹೆಚ್ಚಿದ ಬಳೆ ಯಾರ ಕೈಗೂ ಏರಿಸಬಾರದು."

ಸಂತೋಷಕ್ಕೆ ಬಾಯಿಗೆ ಬಂದ ಮಾತು ಅದು. ಆದರೆ ಹೇಳಿದ್ದು ಯಾರಿಗೆ?

ಸೊಟ್ಟ ಚಕ್ರವನ್ನೇ ಮತ್ತೆ ಹಾಕಿ, ಮೆಲ್ಲಗೆ ಓಡಿಸಿಕೊಂಡು ಮೂವರೂ ಓಂಕಾರಪ್ಪನ ಅಂಗಳಕ್ಕೆ ಬಂದರು. ಅಲ್ಲಿ ಚಿತ್ತಯ್ಯ ಚಕ್ರ ಬಿಚ್ಚಿ ತೋರಿಸಿದ. ಓಂಕಾರಪ್ಪನ ನಗು ಅಡಿಕೆಯ ಜೊತೆ ಗಂಟಲಲ್ಲಿ ಇಳಿಯಿತು. ಆಡಿದ ಮಾತು, ಎದುರಿಗೆ ಸಾಕ್ಷಿ. "ಸರಿ ಸರಿ. ಅಲ್ಲಿ ಸಾಲಾಗಿ ಏಳು ವ್ಯಾನು ನಿಂತಿವೆ. ಒಂದರಿಂದ ಒಳ್ಳೇ ಚಕ್ರ ಬಿಚ್ಕೊ, ನಿನ್ನ ಗಾಡಿಗೆ ಹಾಕ್ಕೊ. ನಿನ್ನ ಸೊಟ್ಟದ್ದನ್ನ ಅದಕ್ಕೆ ಹಾಕಿ ಹೋಗು" ಅಂತ ಊಟಕ್ಕೆ ಹೋದ. ಉಂಡ, ಮಲಗಿದ. ಚಿತ್ತಯ್ಯ ಬಸ್ಸು ಹತ್ತಿದ. ನರಸಕ್ಕ ಬೇವಿನ ಮರದಡಿ ಸೆರಗು ಹಾಸಿ ಒರಗಿದಳು.

ರಂಗಧಾಮ ಮೊದಲನೇ ವ್ಯಾನಿನ ಚಕ್ರ ಬಿಚ್ಚಿ ತನ್ನ ಗಾಡಿಗೆ ತೊಡಿಸಿದ. ಭೇಷ್! ಆದರೆ ಮೊದಲನೇ ವ್ಯಾನು ಬರಿದಾಯ್ತಲ್ಲ? ಬರಿದಾಗಿ ಬಿಡಬಾರದು. ಸೊಟ್ಟದ್ದು ಹಾಕೋಣವಾ? ಹೆಚ್ಚಿದ ಬಳೆ ಯಾರ ಕೈಗೂ ಏರಿಸಬಾರದು. ಎರಡನೇ ವ್ಯಾನಿನದು ಬಿಚ್ಚಿ ಮೊದಲನೇದಕ್ಕೆ ತೊಡಿಸಿದ. ಎರಡನೇದು ಬರಿದಾಯ್ತು! ಮೂರನೇದರದು ಬಿಚ್ಚಿ ಎರಡನೇದಕ್ಕೆ ತೊಡಿಸಿದ. ಮೂರನೇದು ಬರಿದಾಯ್ತು! ಜಾಕ್ ಏರಿಸಿದ, ಇಳಿಸಿದ. ಏರಿಸಿದ, ಇಳಿಸಿದ. ಏಳನೇದು ಬರಿದಾಯ್ತು. ಇನ್ನು ಮುಂದೆ ವ್ಯಾನಿಲ್ಲ. ಯಾಕಿಲ್ಲ? ತನ್ನದೇ ಇದೆಯಲ್ಲ! ತನ್ನ ಗಾಡಿಯದು ಬಿಚ್ಚಿ ಏಳನೇದಕ್ಕೆ ತೊಡಿಸಿದ. ಈಗ ತನ್ನದು ಬರಿದಾಯ್ತು. ಮತ್ತೆ ಮೊದಲನೇದಕ್ಕೆ ಬಂದ.

ನಾಲ್ಕು ಗಂಟೆಗೆ ಓಂಕಾರಪ್ಪ ಎದ್ದು ಆಕಳಿಸ್ತಾ ಬಂದ, ಜೊತೆಗೊಬ್ಬ ಗಿರಾಕಿ.

"ಈ ಎರಡನೇ ವ್ಯಾನು ನೋಡಿ ಸಾರ್, ಹೂವಿನ ಹಾಗಿದೆ!"

"ಇದಕ್ಕೆ ಮೂರೇ ಚಕ್ರ ಇದೆಯಲ್ಲ?"

ಓಂಕಾರಪ್ಪ ಕಣ್ಣುಜ್ಜಿಕೊಂಡ. "ಹಾಂ? ಹಾಗಾದ್ರೆ ಮೂರನೇದು ನೋಡಿ." ನೋಡುವಷ್ಟರಲ್ಲಿ ಎರಡನೇದಕ್ಕೆ ನಾಲ್ಕಾಗಿತ್ತು, ಮೂರನೇದಕ್ಕೆ ಮೂರಾಗಿತ್ತು. ನಾಲ್ಕನೇದಕ್ಕೆ ಹೋದರು. ಅಲ್ಲಿ ಜಾಕ್ ಏರ್ತಾ ಇತ್ತು.

"ಲೇ! ಏನೋ ಮಾಡ್ತಾ ಇದ್ದೀಯ?"

"ತೊಡಿಸ್ತಾ ಇದ್ದೀನಿ ಅಣ್ಣ. ಯಾರ ಕೈನೂ ಬರಿದಾಗಿ ಬಿಡಬಾರದು. ಬಿಡಲ್ಲ. ಎಷ್ಟು ದಿನ ಆದ್ರೂ ಬಿಡಲ್ಲ."

"ಅಯ್ಯೋ! ಆ ಸೊಟ್ಟದ್ದನ್ನ ಹಾಕಿ ಮುಗಿಸೋ ಮಾರಾಯ!"

"ಕೆಟ್ಟದ್ದು ಅಂತ ಗೊತ್ತಿದ್ದೂ ಇನ್ನೊಬ್ಬರಿಗೆ ಹಾಕೋದಾ? ತಪ್ಪಲ್ವಾ ಅಣ್ಣ?"

ಗಿರಾಕಿಯ ಕಿವಿ ನೆಟ್ಟಗಾಯಿತು. "ಯಾವ ಸೊಟ್ಟದ್ದು? ಯಾರಿಗೆ ಹಾಕೋದು?"

ಓಂಕಾರಪ್ಪ ಓಡಿದ ನೋಡಿ! ಪಂಚೆ ಎತ್ತಿಕೊಂಡು ಒಳಗೆ ಓಡಿ, ಕಾಗದ ಸುತ್ತಿದ ಹೊಚ್ಚ ಹೊಸ ಚಕ್ರ ಉರುಳಿಸಿಕೊಂಡು ಬಂದ. "ತಗೊಳ್ಳಪ್ಪ! ನಿನ್ನ ಕಾಲಿಗೆ ಬೀಳ್ತೀನಿ, ತೊಡಿಸಿ ಹೋಗು!" ಅಷ್ಟರಲ್ಲಿ ನಾಲ್ಕನೇದರದು ಮೂರನೇದಕ್ಕೆ ಏರಿತ್ತು. ಹೊಸದನ್ನ ರಂಗಧಾಮ ಬರಿದಾದ ನಾಲ್ಕನೇ ವ್ಯಾನಿಗೆ ತೊಡಿಸಿದ. ಎಂಟು ಗಾಡಿ, ಎಂಟೂ ಭರ್ತಿ. ಹೊರಗೆ ಉಳಿದದ್ದು ಸೊಟ್ಟ ಚಕ್ರ ಒಂದೇ.

ಐದಕ್ಕೆ ಐದು ನಿಮಿಷ ಇತ್ತು. ಇನ್ಯಾರಿಗೋ ಹೋಗಬೇಕಿದ್ದ ನಡುಕವನ್ನ ಒಬ್ಬ ಪೆದ್ದ ತಡೆದ. ಬುದ್ಧಿವಂತರು ಏನು ಮಾಡ್ತಿದ್ದರು ಅಂತ ನನ್ನನ್ನ ಕೇಳಬೇಡಿ.

ಸೊಟ್ಟ ಚಕ್ರವನ್ನೂ ಗಾಡಿಗೆ ಹಾಕಿಕೊಂಡು, ಪೇಟೆಯಲ್ಲಿ ಬಳೆ ತುಂಬಿಸಿಕೊಂಡು ಹೊರಟರು. ನಲವತ್ತು ಆಯಿತು. ನರಸಕ್ಕ ಉಸಿರು ಬಿಗಿಹಿಡಿದಳು. ಐವತ್ತು. ಅರವತ್ತು. ಏನಿಲ್ಲ! ಎಣ್ಣೆ ಮೇಲೆ ಜಾರಿದ ಹಾಗೆ. ಅವಳು ಬೈಯೋಕೆ ಅಂತ ಬಾಯಿ ತೆಗೆದಳು, ಅಭ್ಯಾಸಬಲ, ಆದರೆ ಬೈಗುಳವೇ ಸಿಗಲಿಲ್ಲ.

ಹೊಳೆ ಹತ್ತಿರ ಮುಖ ತೊಳೆಯೋಕೆ ನಿಲ್ಲಿಸಿದರು. ದಡ ಇಳಿಜಾರು, ಗಾಡಿಯ ಮೂತಿ ನೀರಿನ ಕಡೆಗೆ, ಹ್ಯಾಂಡ್ ಬ್ರೇಕ್ ಅಷ್ಟಕ್ಕಷ್ಟೇ. "ಮುಂದಕ್ಕೆ ಏನಾದ್ರೂ ಅಡ್ಡ ಕೊಡೋ" ಅಂದಳು ನರಸಕ್ಕ. ಸೊಟ್ಟ ಚಕ್ರವನ್ನೇ ಅಡ್ಡ ಕೊಟ್ಟ. ಅವಳು ಮುಖ ತೊಳೆದು ಬಂದು ಬಳೆ ಪೆಟ್ಟಿಗೆಗಳ ನಡುವೆ ಹಾಯಾಗಿ ಕೂತಳು.

"ಅವ್ವ, ಈ ಸೊಟ್ಟ ಚಕ್ರ ಏನು ಮಾಡೋದು?"

"ಹೆಚ್ಚಿದ ಬಳೆ ಏನು ಮಾಡ್ತೀವೋ? ಹೊಳೆಗೆ ಬಿಡ್ತೀವಿ. ಬಿಟ್ಟು ಬಾ ಹೋಗು" ಅಂದಳು ನಗ್ತಾ, ಕಣ್ಣು ಮುಚ್ಚಿಕೊಂಡು.

ಅವನು ಒಂದು ಗಳಿಗೆ ತಡಮಾಡಲಿಲ್ಲ. ಅಡ್ಡ ಕೊಟ್ಟಿದ್ದ ಚಕ್ರ ಎಳೆದುಕೊಂಡ. ಭಕ್ತಿಯಿಂದ ಹಣೆಗೆ ಒತ್ತಿಕೊಂಡ. ನೀರಿಗೆ ಬಿಟ್ಟ. ಚಕ್ರ ತೇಲಿತು. ಕೈ ಮುಗಿದು ನಿಂತ. ಅವನ ಪಕ್ಕದಲ್ಲೇ ವ್ಯಾನು, ಸದ್ದಿಲ್ಲದೆ, ಮೆಲ್ಲಗೆ, ಮದುವೆ ಮನೆಗೆ ಹೊರಟ ಹಾಗೆ ಇಳಿದುಕೊಂಡು ಹೋಯಿತು. ದಡ ದಾಟಿತು, ಮರಳು ದಾಟಿತು, ನೀರಿಗಿಳಿಯಿತು. ಮುಂದೆ ಚಕ್ರ, ಹಿಂದೆ ವ್ಯಾನು. ಮಂಡಿಯುದ್ದ ನೀರಲ್ಲಿ ಮರಳಿಗೆ ಸಿಕ್ಕಿ ನಿಂತಿತು.

"ಅಯ್ಯೋ! ಅಯ್ಯಯ್ಯೋ! ಲೋ ಧಾಮಾ!" ಕಿಟಕಿಯಲ್ಲಿ ನರಸಕ್ಕನ ತಲೆ. ಕಾಲಡಿ ನೀರು, ತೊಡೆಯ ಮೇಲೆ ಪೆಟ್ಟಿಗೆ, ಎರಡೂ ಕೈಯಲ್ಲಿ ಅಪ್ಪಿ ಹಿಡಿದ ಹಸಿರು ಬಳೆ. ಒಂದೂ ಹೆಚ್ಚಿರಲಿಲ್ಲ.

ರಂಗಧಾಮ ಸೊಂಟದ ತನಕ ನೆಂದು, ನೀರು ಚಿಮ್ಮಿಸ್ತಾ ಓಡಿ ಬಂದ. ಕಿಟಕಿಯೊಳಗೆ ಕೈ ಹಾಕಿ ಅವ್ವನ ಕೆನ್ನೆ ಮುಟ್ಟಿ ನೋಡಿದ. ಮುಖ ಅರಳಿತು.

"ಅವ್ವಾ! ಒಂದು ಚೂರೂ ನಡುಗಲಿಲ್ಲ ನೋಡು!"